ಹೆಸರುಗಲ್ಲು

ಆ ಊರಿನಲ್ಲಿ ಮಕ್ಕಳಿಗೆ ಹೆಸರಿಡುವುದು ತಂದೆತಾಯಿಯ ಕೆಲಸವಲ್ಲ, ಹೊಳೆಯ ಕೆಲಸ.

ಊರ ಮುಂದೆ ಹೊಳೆ ಅಗಲವಾಗಿ, ಮೊಣಕಾಲುದ್ದ ಹರಿಯುವ ಒಂದು ಜಾಗವಿತ್ತು. ಅದಕ್ಕೆ ಹೆಸರಿನ ಕಡವು ಎನ್ನುತ್ತಿದ್ದರು. ಕೂಸು ಹುಟ್ಟಿದ ಮನೆಯವರು ಆ ಕಡವಿಗೆ ಇಳಿದು, ಅಜ್ಜ ಮುತ್ತಜ್ಜರ ಕಲ್ಲುಗಳ ಸಾಲಿನಲ್ಲಿ ಕೂಸಿನದೊಂದು ಕಲ್ಲಿಡಬೇಕು. ಬಡವರ ಕೂಸಾದರೂ ಒಂದು ಕಲ್ಲು, ಉಳ್ಳವರ ಕೂಸಾದರೂ ಒಂದೇ ಕಲ್ಲು. ಆಗ ಹೊಳೆ ಏನೋ ಒಂದು ಸದ್ದು ಮಾಡುತ್ತದೆ. ಅದೇ ಕೂಸಿನ ಹೆಸರು. ದಡದಲ್ಲಿ ಕುಳಿತ ಕಿವಿಯಜ್ಜಿ ಅದನ್ನು ಕೇಳಿಸಿಕೊಂಡು ತಾಯಿಯ ಕಿವಿಗೆ ಹೇಳುತ್ತಾಳೆ, ತಾಯಿ ಕೂಸಿನ ಕಿವಿಗೆ ಹೇಳುತ್ತಾಳೆ, ಆಮೇಲೆ ಊರೆಲ್ಲ ಹೇಳುತ್ತದೆ. ಹೊಳೆ ಹೇಳುತ್ತದೆ, ಕಲ್ಲು ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ ಎಂದು ಜನರ ನಂಬಿಕೆ.

ಮುಂಗಾರಿನಲ್ಲಿ ಹುಟ್ಟಿದವರದು ತುಂಬು ಹೆಸರು, ಬೇಸಿಗೆಯಲ್ಲಿ ಹುಟ್ಟಿದವರದು ಸಣ್ಣ ದನಿಯ ಹೆಸರು. ಮೊಮ್ಮಗನ ಹೆಸರಿನಲ್ಲಿ ಅಜ್ಜನ ಹೆಸರಿನ ಎಳೆಯೊಂದು ಇದ್ದೇ ಇರುತ್ತಿತ್ತು. ಆ ಹೆಸರುಗಳು ನಮ್ಮ ಅಕ್ಷರಕ್ಕೆ ಸಿಕ್ಕುವಂಥವಲ್ಲ, ಬರೆಯಲು ಹೋದರೆ ಅರ್ಧ ಸೋರಿಹೋಗುತ್ತವೆ. ಅದಕ್ಕೇ ಈ ಕಥೆಯಲ್ಲಿ ಎಲ್ಲರನ್ನೂ ಅವರವರ ಕೆಲಸದಿಂದ ಕರೆಯುವುದು.

ಕಟ್ಟಳೆ ಒಂದೇ ಇತ್ತು. ಮೊದಲ ಹಲ್ಲು ಮೂಡುವುದರೊಳಗೆ ಕೂಸಿಗೆ ಹೆಸರಾಗಬೇಕು. ಹಲ್ಲು ಬಂದ ಬಾಯಿಗೆ ಹೊಳೆ ಹೆಸರಿಡುವುದಿಲ್ಲ.

ಹೆಸರಿದ್ದವರನ್ನು ಕರೆದರೆ ಅವರು 'ಓ' ಎನ್ನಬೇಕು. ಈ ದಡದಿಂದ ಆ ದಡಕ್ಕೆ ಕರೆದರೂ ಓ, ಅಡುಗೆಮನೆಯಿಂದ ಹಿತ್ತಲಿಗೆ ಕರೆದರೂ ಓ. ಊರು ಕೂಡಿದಾಗ ಒಬ್ಬೊಬ್ಬರ ಹೆಸರು ಕರೆಯುತ್ತಿದ್ದರು, ಓಗೊಟ್ಟವರಿಗಷ್ಟೇ ಅಲ್ಲಿ ಮಾತು. ಸತ್ತವರ ಮುಂದೆಯೂ ಹೆಸರು ಹಿಡಿದೇ ಅಳಬೇಕು. ಆಗ ಮಾತ್ರ ಓ ಬರುವುದಿಲ್ಲ, ಬರುವುದಿಲ್ಲವೆಂದು ತಿಳಿದಾಗಲೇ ಎದೆ ಬಿರಿಯುವುದು. 'ಹೊಳೆ ಕೊಟ್ಟರೆ ಹೆಸರು, ಹೆಸರಿದ್ದರೆ ಮನುಷ್ಯ' ಎಂಬುದು ಆ ಊರಿನ ಗಾದೆ.

ಇಂಥ ಊರಿನಲ್ಲಿ ಹಗ್ಗದವಳಿಗೆ ಹೆಸರಿರಲಿಲ್ಲ.

ಅವಳದೇನೂ ತಪ್ಪಿಲ್ಲ. ಅವಳು ಹುಟ್ಟಿದ ವರ್ಷವೇ ಹೊಳೆಯ ಮಾತು ನಿಂತಿತು. ನೀರು ಬತ್ತಲಿಲ್ಲ. ಮೊದಲಿನಷ್ಟೇ ಹರಿಯುತ್ತಿತ್ತು, ಮೀನೂ ಇತ್ತು, ಗದ್ದೆಗೂ ಸಾಲುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಕಿವಿಯಜ್ಜಿ ದಡದಲ್ಲಿ ಕೂತೇ ಕೂತಳು. ಅಷ್ಟರಲ್ಲಿ ಹಗ್ಗದವಳಿಗೆ ಹಲ್ಲು ಬಂತು. ಅವಳ ಬೆನ್ನಿಗೆ ಹುಟ್ಟಿದ ತಮ್ಮನಿಗೂ ಹಾಗೇ ಆಯಿತು. ಆಮೇಲೆ ಆ ಊರಿನಲ್ಲಿ ಹುಟ್ಟಿದ ಎಲ್ಲರಿಗೂ ಹಾಗೇ ಆಯಿತು.

ಹೆಸರಿಲ್ಲದವರನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದರು. ಒಂದು ಚಪ್ಪಾಳೆ ತಟ್ಟಿದರೆ ಹತ್ತು ಮಂದಿ ತಿರುಗುತ್ತಿದ್ದರು, ಬೇಕಾದವರು ಮಾತ್ರ ತಿರುಗುತ್ತಿರಲಿಲ್ಲ. ಹಗ್ಗದವಳ ಗಂಡ, ಬಲೆ ಬೀಸುವವನು, ಚಪ್ಪಾಳೆ ತಟ್ಟಲು ಮನಸ್ಸಾಗದೆ ಹೆಂಡತಿಯನ್ನು 'ಇವಳೇ' ಎನ್ನುತ್ತಿದ್ದ. ನಮ್ಮ ಕಡೆಯೂ ಗಂಡಂದಿರು ಹಾಗೇ ಕರೆಯುತ್ತಾರೆ, ನಮ್ಮದು ನಾಚಿಕೆ. ಅವನದು ಬಡತನ. ಅವನಿಗೂ ಹೆಸರಿರಲಿಲ್ಲ.

ಹಗ್ಗದವಳ ತಮ್ಮ ಚಿಕ್ಕವನಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅವ್ವ ಹೆಣದ ಮುಂದೆ ಕೂತು ಬಾಯಿ ತೆರೆದಳು. ಏನೆಂದು ಕರೆಯಬೇಕು? ಕರೆಯಲು ಏನೂ ಇರಲಿಲ್ಲ. ತೆರೆದ ಬಾಯಿಗೆ ಸೆರಗು ತುರುಕಿಕೊಂಡು ಸುಮ್ಮನೆ ಕೂತಳು, ಆಮೇಲೆ ಬದುಕಿದ್ದಷ್ಟು ದಿನವೂ ಅತ್ತವಳಲ್ಲ. ಹಗ್ಗದವಳು ಅದನ್ನು ಕಣ್ಣಾರೆ ಕಂಡಿದ್ದಳು. ತನಗೆ ಹೆಸರಿಲ್ಲದ್ದನ್ನು ಅವಳು ಸಹಿಸಿಕೊಂಡಳು, ಅದನ್ನು ಮಾತ್ರ ಮರೆಯಲಿಲ್ಲ.

ಈಗ ಅವಳ ತೊಡೆಯ ಮೇಲೆ ಹೆಣ್ಣುಕೂಸೊಂದಿತ್ತು. ಕೂಸು ಜೊಲ್ಲು ಸುರಿಸುತ್ತ, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಂಡು ಕಚ್ಚುತ್ತಿತ್ತು. ತಾಯಿ ಹೊಸೆದ ಹಗ್ಗದ ತುದಿಯನ್ನೂ ಬಿಡಲಿಲ್ಲ.

ಒಂದು ಬೆಳಗ್ಗೆ ಹಗ್ಗದವಳು ಕೂಸನ್ನು ಎತ್ತಿಕೊಂಡು ಕಡವಿನ ದಡಕ್ಕೆ ಹೋದಳು. ಕಿವಿಯಜ್ಜಿ ಎಂದಿನಂತೆ ಅಲ್ಲಿದ್ದಳು. ಹೊಳೆ ಸುಮ್ಮನಾದ ಮೇಲೂ ಅಜ್ಜಿ ದಿನಾ ಬೆಳಗ್ಗೆ ಅಲ್ಲಿ ಬಂದು ಕೂರುವುದನ್ನು ಬಿಟ್ಟಿರಲಿಲ್ಲ. ಅಜ್ಜಿಗೆ ತಲೆ ಕೆಟ್ಟಿದೆ ಎಂದು ಕೆಲವರು ನಗುತ್ತಿದ್ದರು. ಅಜ್ಜಿ ಕೂಸಿನ ಒಸಡು ಸವರಿ ನೋಡಿದಳು.

"ಬಿಗಿದಿದೆ ಕಣವ್ವ. ಇವತ್ತೋ ನಾಳೆಯೋ."

"ಏನೂ ಕೇಳಿಸ್ತಿಲ್ವಾ ಅಜ್ಜಿ?"

"ಕೇಳಿಸಿದ್ರೆ ನಿನ್ನ ಬಾಗಿಲಿಗೆ ನಾನೇ ಓಡಿ ಬರ್ತಿದ್ದೆನಲ್ಲೇ ಮಗಳೇ" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಹಗ್ಗದವಳಿಗೆ ಸಿಟ್ಟು ಬಂತು. ಅಜ್ಜಿಯ ಮೇಲಲ್ಲ, ಹೊಳೆಯ ಮೇಲೆ. ಕಡವಿಗೆ ಯಾರೂ ಕಾಲಿಡಬಾರದೆಂದು ಊರಿನವರು ಕಟ್ಟು ಮಾಡಿದ್ದರು, ಪವಿತ್ರ ಜಾಗವಂತೆ. ಅವಳು ಸೀರೆ ಎತ್ತಿಕಟ್ಟಿ, ಕೂಸನ್ನು ಸೊಂಟಕ್ಕೇರಿಸಿ, ಸೀದಾ ನೀರಿಗಿಳಿದಳು. ನಡುಹೊಳೆಯವರೆಗೆ ಹೋಗಿ ನಿಂತು ಬೈಯಲು ಶುರುಮಾಡಿದಳು.

"ಏನೇ, ನನಗೆ ಕೊಡ್ಲಿಲ್ಲ, ಹೋಗ್ಲಿ ಅಂದೆ. ನನ್ನ ತಮ್ಮನಿಗೆ ಕೊಡ್ಲಿಲ್ಲ, ನಮ್ಮವ್ವ ಏನಂತ ಅಳ್ಬೇಕು ಅಂತ ಗೊತ್ತಾಗ್ದೆ ಸೆರಗು ಕಚ್ಕೊಂಡು ಸತ್ತಳು. ಈಗ ನನ್ನ ಕೂಸಿಗೂ ಇಲ್ವೇನೇ? ನಿನ್ನ ಬಾಯಿಗೇನಾಗಿದೆ? ನಿನ್ನ ನೀರು ಕುಡಿದೇ ಅಲ್ವಾ ಇದಕ್ಕೆ ನಾನು ಹಾಲು ಕೊಟ್ಟಿದ್ದು? ಮಾತಾಡೇ!"

ಬೈದು ಬೈದು ಉಸಿರು ಕಟ್ಟಿ ಅವಳು ಒಂದು ಕ್ಷಣ ನಿಂತಳು. ಆಗ ಕೇಳಿಸಿತು.

ಅವಳ ಕಣಕಾಲಿನ ಹತ್ತಿರ ಏನೋ ಗುಣುಗುಟ್ಟುತ್ತಿತ್ತು. ನೀರು ಬಂದು ಕಾಲಿಗೆ ಬಡಿಯುತ್ತಿತ್ತು, ಎರಡಾಗಿ ಸುತ್ತುತ್ತಿತ್ತು, ಹಿಂದೆ ಹೋಗಿ ಕೂಡುವಾಗ ಸದ್ದು ಮಾಡುತ್ತಿತ್ತು. ಅವಳು ಒಂದು ಕಾಲೆತ್ತಿದಳು, ಸದ್ದು ತಗ್ಗಿತು. ಕಾಲಿಟ್ಟಳು, ಸದ್ದು ಬಂತು. ಕೂಸು ಬಾಯಿಂದ ಬೆರಳು ತೆಗೆದು ನೀರಿನತ್ತ ಬಗ್ಗಿತು.

"ಅಜ್ಜೀ!" ಎಂದು ಅವಳು ಕೂಗಿದ ಕೂಗಿಗೆ ಬೆಳ್ಳಕ್ಕಿಗಳೆಲ್ಲ ಎದ್ದವು. "ಅಜ್ಜೀ, ಇದು ಮೂಗಿ ಅಲ್ಲ! ಇದಕ್ಕೆ ಮಾತಾಡೋಕೆ ಎದುರಿಗೆ ಯಾರೂ ಇರ್ಲಿಲ್ಲ ಕಣಜ್ಜಿ!"

ಅಜ್ಜಿ ಕೋಲು ಊರಿಕೊಂಡು ನೀರಿನ ಅಂಚಿಗೆ ಬಂದಳು. ಕಣ್ಣುಮುಚ್ಚಿ ಕಿವಿಗೊಟ್ಟಳು. ಆಮೇಲೆ ಅವಳ ದೃಷ್ಟಿ ಊರ ನಡುವಿನ ಕಲ್ಲುಮನೆಯ ಕಡೆಗೆ ಹೋಯಿತು.

ಈಗ ಆ ಕಲ್ಲುಮನೆಯ ಸಂಗತಿ ಹೇಳಬೇಕು. ಅದರಲ್ಲಿ ಕೆಟ್ಟತನವೇನೂ ಇಲ್ಲ, ಬರೀ ಪ್ರೀತಿ. ಊರ ಯಜಮಾನ ಹರೆಯದಲ್ಲಿದ್ದಾಗ ಅವನ ಅಪ್ಪ ತೀರಿಕೊಂಡ. ಆ ಮಳೆಗಾಲದಲ್ಲಿ ಹೊಳೆ ಉಕ್ಕಿತು. ಅಪ್ಪನ ಹೆಸರುಗಲ್ಲು ಕೊಚ್ಚಿಹೋದರೆ ಎಂಬ ಹೆದರಿಕೆಗೆ ಮಗ ಎದೆಮಟ್ಟದ ನೀರಿಗೆ ಇಳಿದು, ಆ ದೊಡ್ಡ ಕಲ್ಲನ್ನು ಎದೆಗವುಚಿಕೊಂಡು ಮನೆಗೆ ತಂದ. ತೊಳೆದ, ಅರಿಸಿನ ಹಚ್ಚಿದ, ಗೂಡಿನಲ್ಲಿಟ್ಟು ದೀಪ ಹಚ್ಚಿದ. ಎಂಥ ಮಗ ಎಂದು ಊರು ಹೊಗಳಿತು. ಹೊಗಳಿಕೆ ಕೇಳಿದ ಮೇಲೆ ಬೇರೆಯವರ ಮಕ್ಕಳು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರೂ ತಮ್ಮ ತಮ್ಮ ಅಪ್ಪ ಅಜ್ಜಂದಿರ ಕಲ್ಲು ಎತ್ತಿ ತಂದರು. ಸತ್ತವರದೇ ಇಷ್ಟು ಜೋಪಾನವಾದರೆ ಇದ್ದವರದ್ದೇಕೆ ಒದ್ದೆಯಾಗಿರಬೇಕು ಎಂದು ತಮ್ಮವನ್ನೂ ತಂದರು. ಇಡಲು ಒಂದು ಮನೆ ಕಟ್ಟಿದರು. ಸಾಲಾಗಿ ಗೂಡುಗಳು, ಗೂಡಿಗೊಂದು ದೀಪ. ಬಂದ ನೆಂಟರಿಗೆಲ್ಲ "ನೋಡಿ, ಇದು ನಮ್ಮ ಹೊಳೆಯ ಪರಂಪರೆ" ಎಂದು ತೋರಿಸುತ್ತಿದ್ದರು.

ಕೊನೆಯ ಕಲ್ಲು ಒಳಗೆ ಬಂದ ವರ್ಷವೇ ಹೊಳೆಯ ಮಾತು ನಿಂತದ್ದು. ಹೊಳೆ ಮುನಿದಿದೆ ಎಂದು ಜನ ಕಲ್ಲುಗಳಿಗೆ ಇನ್ನಷ್ಟು ಅರಿಸಿನ ಹಚ್ಚಿದರು. ಕಡವಿಗೆ ಕಾಲಿಡಬಾರದೆಂದು ಕಟ್ಟು ಮಾಡಿದರು. ಹೊಸ ಕೂಸಿನ ಕಲ್ಲನ್ನು ದಡದಿಂದಲೇ ನೀರಿನಲ್ಲಿ ಒಮ್ಮೆ ಅದ್ದಿ, ಕೊಚ್ಚಿಹೋದೀತೆಂದು ಆಗಲೇ ಎತ್ತಿ ಗೂಡಿಗೆ ಸೇರಿಸುತ್ತಿದ್ದರು. ಹೆಸರೇ ಇಲ್ಲದ ಕಲ್ಲಿಗೂ ಒಂದು ದೀಪ ಹಚ್ಚುತ್ತಿದ್ದರು ಪಾಪ.

ಮಧ್ಯಾಹ್ನ ಊರು ಕೂಡಿತು. ಹೆಸರು ಕರೆದರು, ಹಿರಿಯರೆಲ್ಲ ಓ ಎಂದರು. ಹಗ್ಗದವಳು ಕೂಸನ್ನೆತ್ತಿಕೊಂಡು ಹೊರಗೆ ಬಿಸಿಲಲ್ಲಿ ನಿಂತಿದ್ದಳು, ಅವಳಿಗೆ ಅಲ್ಲಿ ಮಾತಿಲ್ಲ. ಅವಳ ಪರವಾಗಿ ಅಜ್ಜಿ ಹೇಳಿದಳು.

"ಕಲ್ಲು ಕೇಳಿಸ್ಕೊಳ್ಳುತ್ತೆ ಅಂದ್ಕೊಂಡಿದ್ವಿ ಕಣಪ್ಪಾ. ಅದು ಕಿವಿ ಅಲ್ಲ, ನಾಲಿಗೆ. ಹೊಳೆ ನಾಲಿಗೆನ ಕಿತ್ತು ತಂದು ಗೂಡಲ್ಲಿಟ್ಟು ಪೂಜೆ ಮಾಡ್ತಾ ಕೂತಿದೀವಿ. ವಾಪಸ್ ಇಡ್ರಪ್ಪ."

ಯಜಮಾನನ ಮುಖ ಕೆಂಪಾಯಿತು. ಅವನಿಗೂ ಈಗ ತಲೆ ನೆರೆತಿತ್ತು.

"ನಮ್ಮಪ್ಪನ್ನ ಮತ್ತೆ ನೀರಿಗೆ ಎಸೀಲಾ ಅಜ್ಜಿ? ನೆರೆ ಬಂದು ಕೊಚ್ಕೊಂಡು ಹೋದ್ರೆ ಯಾರು ಜವಾಬ್ದಾರಿ?"

"ಹೋದ್ರೆ ಹೋಗ್ಲಿ. ಕೆಳಗಿನ ಊರಿನ ಕೂಸಿಗೆ ನಿಮ್ಮಪ್ಪನ ಹೆಸರಿನ ಎಳೆ ಸಿಗುತ್ತೆ. ಮೇಲಿನ ಊರಿನವರ ಕಲ್ಲು ಉರುಳಿ ಬಂದಾಗ ನಾವು ತಗೊಂಡಿಲ್ವಾ?"

"ಆಗದ ಮಾತು" ಎಂದು ಯಜಮಾನ ಎದ್ದ. ಕಲ್ಲುಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮನೆಗೆ ಹೋದರು. ಅಜ್ಜಿಯ ಮಾತು ನಿಜವಿರಬಹುದು ಎಂದು ಕೆಲವರಿಗೆ ಅನ್ನಿಸಿತ್ತು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಹಗ್ಗದವಳು ಅಳಲಿಲ್ಲ. ಕೂಸಿನ ಒಸಡು ಮುಟ್ಟಿ ನೋಡಿದಳು. ತುದಿಯಲ್ಲಿ ಬೆಳ್ಳಗೆ ಏನೋ ಕಾಣುತ್ತಿತ್ತು, ಇನ್ನೂ ಬಿರಿದಿರಲಿಲ್ಲ. ಅವಳು ಮನೆಗೆ ಹೋಗಿ, ತಾನು ಹೊಸೆದಿಟ್ಟ ಹಗ್ಗಗಳಲ್ಲೇ ಉದ್ದವಾದದ್ದನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದಳು. ಬೀದಿಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದಳು.

ಊರಿನ ಹೆಸರಿಲ್ಲದವರೆಲ್ಲ ತಿರುಗಿದರು. ಗಾಣದವನು ತಿರುಗಿದ, ಬುಟ್ಟಿ ಹೆಣೆಯುವವಳು ತಿರುಗಿದಳು, ಕುರಿಯವನು ತಿರುಗಿದ, ಮೊನ್ನೆಯಷ್ಟೇ ಮದುವೆಯಾದ ಮದುಮಗಳು ತಿರುಗಿದಳು. ಅಷ್ಟು ವರ್ಷ ಅವಮಾನವಾಗಿದ್ದ ಆ ಚಪ್ಪಾಳೆ ಆವತ್ತು ಉಪಯೋಗಕ್ಕೆ ಬಂತು.

"ನಮಗೆ ಕಲ್ಲು ಕೊಡಲ್ವಂತೆ" ಎಂದಳು ಹಗ್ಗದವಳು. "ಕಾಲಿದೆಯಲ್ಲ, ಬನ್ನಿ."

ಬಲೆಯವನು ಹಗ್ಗದ ಒಂದು ತುದಿ ಹಿಡಿದು ಹೊಳೆ ದಾಟಿ, ಆಚೆ ದಡದ ಮತ್ತಿಮರಕ್ಕೆ ಕಟ್ಟಿದ. ಈಚೆ ತುದಿಯನ್ನು ಈಚೆ ದಡದ ಮರಕ್ಕೆ ಕಟ್ಟಿದರು. ಹೆಸರಿಲ್ಲದವರು ಒಬ್ಬರ ಹಿಂದೆ ಒಬ್ಬರು ಕಡವಿಗೆ ಇಳಿದರು. ಹಗ್ಗ ಹಿಡಿದು, ನೀರಿಗೆ ಎದುರಾಗಿ, ಈ ದಡದಿಂದ ಆ ದಡದವರೆಗೆ ಸಾಲಾಗಿ ನಿಂತರು. ಕೂಸಿನ ಕಲ್ಲಿಗೆ ಬದಲಾಗಿ ಹಗ್ಗದವಳು ತಾನೇ ನಡುವೆ ನಿಂತಳು. ಕೂಸು ದಡದಲ್ಲಿ ಅಜ್ಜಿಯ ತೊಡೆಯ ಮೇಲಿತ್ತು.

ನೀರು ಅವರ ಕಾಲಿಗೆ ಬಡಿಯಿತು, ಸುತ್ತಿತು, ಹಿಂದೆ ಹೋಗಿ ಕೂಡಿತು. ಮೊದಲು ಪಿಸುಮಾತು. ಆಮೇಲೆ ಗುಣುಗು. ಆಮೇಲೆ, ಮನೆಯೊಳಗಿದ್ದ ಮುದುಕರೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು ಹೊರಗೆ ಬರುವಂಥ ದನಿ. ಇಷ್ಟು ವರ್ಷ ಕೇಳದಿದ್ದ ದನಿಯದು. ಅವರಲ್ಲಿ ಕೆಲವರು ಬಾಗಿಲಲ್ಲೇ ಕೂತು ಅತ್ತರು.

ಅಜ್ಜಿ ಕಣ್ಣುಮುಚ್ಚಿ ಕೇಳಿದಳು. ಕಣ್ಣು ತೆರೆದಾಗ ಅವಳ ಮುಖದಲ್ಲಿ ಗೆಲುವೂ ಇತ್ತು, ಕಳವಳವೂ ಇತ್ತು.

"ಅರ್ಧ ಕೇಳಿಸ್ತು ಮಗಳೇ! ಕೂಸಿನ ಹೆಸರು ಅರ್ಧ ಬಂತು. ಉಳಿದರ್ಧ ನಿನ್ನ ಪಕ್ಕದ ಸಂದಿನಲ್ಲಿ ಜಾರಿ ಹೋಗ್ತಿದೆ. ಅಲ್ಲಿ ಯಾರಾದ್ರೂ ನಿಲ್ರಪ್ಪ!"

ಹಗ್ಗದವಳ ಪಕ್ಕದಲ್ಲೊಂದು ಕಡೆ ತಳ ಕೊರೆದು ಗುಂಡಿಯಾಗಿತ್ತು, ನೀರು ಅಲ್ಲಿ ಸೆಳೆದು ಓಡುತ್ತಿತ್ತು. ಗಾಣದವನು ನಿಲ್ಲಲು ನೋಡಿದ, ಕಾಲು ತೇಲಿಹೋಯಿತು. ಕುರಿಯವನು ನೋಡಿದ, ಹಗ್ಗ ಹಿಡಿದಿದ್ದರಿಂದ ಬದುಕಿದ. ಕೊನೆಗೆ ಬಲೆಯವನು ಇಳಿದ, ಕುತ್ತಿಗೆವರೆಗೆ ಮುಳುಗಿದನೇ ಹೊರತು ನಿಲ್ಲಲಾಗಲಿಲ್ಲ. ಮನುಷ್ಯರ ಕಾಲಿಗೆ ಒಗ್ಗುವ ಜಾಗವಲ್ಲ ಅದು. ದಡದಲ್ಲಿ ಕೂಸು ಕಿರಿಕಿರಿಗೆ ಅಜ್ಜಿಯ ಬೆರಳನ್ನೇ ಬಾಯಿಗೆಳೆದುಕೊಂಡು ಕಚ್ಚಿತು.

"ಬೇಗ ಕಣ್ರೋ, ಒಸಡು ಬಿರೀತಾ ಇದೆ!" ಎಂದು ಅಜ್ಜಿ ಕೂಗಿದಳು.

ಯಜಮಾನ ಅಷ್ಟರಲ್ಲಿ ಕೋಲು ಹಿಡಿದು ಓಡಿಬಂದಿದ್ದ, ಕಡವು ತುಳಿದವರನ್ನು ಬೈದು ಹೊರಗೆ ಅಟ್ಟಲು. ದಡಕ್ಕೆ ಬಂದವನು ಬೈಯಲಿಲ್ಲ. ಅವನ ಕಣ್ಣು ಆ ಗುಂಡಿಯ ಮೇಲೆ ನಿಂತಿತ್ತು. ಅದು ಯಾರ ಜಾಗ ಎಂದು ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅಲ್ಲಿಂದಲೇ ಅವನು ಕಲ್ಲನ್ನು ಕಿತ್ತು ಎದೆಗವುಚಿಕೊಂಡಿದ್ದು.

ಹಗ್ಗದವಳು ನೀರಿನಿಂದಲೇ ಅವನನ್ನು ನೋಡಿದಳು. ಹೆಸರಿಲ್ಲದವಳು ಯಜಮಾನನೊಡನೆ ಮಾತಾಡುವಂತಿಲ್ಲ. ಅವಳು ಮಾತಾಡಿದಳು.

"ಯಜಮಾನ್ರೇ, ನಿಮ್ಮಪ್ಪನ್ನ ಕೊನೇ ಸಲ ಯಾರು ಯಾವಾಗ ಹೆಸರು ಹಿಡಿದು ಕರೆದ್ರು?"

ಯಜಮಾನನಿಗೆ ಅವ್ವನ ನೆನಪಾಯಿತು. ಸಂಜೆ ಹೊತ್ತು ಈ ದಡದಲ್ಲಿ ನಿಂತು ಅವ್ವ ಅಪ್ಪನನ್ನು ಕರೆಯುತ್ತಿದ್ದಳು, ಆಚೆ ಗದ್ದೆಯಿಂದ ಓ ಬರುತ್ತಿತ್ತು. ಗೂಡಿನಲ್ಲಿಟ್ಟ ಕಲ್ಲು ಇಷ್ಟು ವರ್ಷದಲ್ಲಿ ಒಂದು ಸಲವೂ ಓ ಎಂದಿರಲಿಲ್ಲ. ದೀಪ ಹಚ್ಚುವಾಗ ಅದು ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾಗದ ಹಾಗೆ ಇದ್ದುಬಿಟ್ಟಿದ್ದ.

ಅವನು ಕೋಲು ಬಿಸುಟು ಹಿಂದಕ್ಕೆ ಓಡಿದ. ಕಲ್ಲುಮನೆಯ ಬಾಗಿಲು ತೆರೆದ ಸದ್ದು ಹೊಳೆಯವರೆಗೆ ಕೇಳಿತು. ಬಂದಾಗ ಎದೆಯ ಮೇಲೆ ಅಪ್ಪನ ಕಲ್ಲಿತ್ತು, ಅರಿಸಿನ ಅವನ ಬಿಳಿ ಗಡ್ಡಕ್ಕೆಲ್ಲ ಮೆತ್ತಿತ್ತು. ಹರೆಯದಲ್ಲಿ ಒಬ್ಬನೇ ಎತ್ತಿದ ಕಲ್ಲು ಈಗ ಅವನನ್ನು ಬಗ್ಗಿಸುತ್ತಿತ್ತು. ಹಿರಿಯರು ಕೈ ಕೊಡಲು ಬಂದರು, ಅವನು ಬೇಡವೆಂದು ತಲೆಯಾಡಿಸಿದ. ನೀರಿಗಿಳಿದಾಗ ಮಾತ್ರ ಅವನ ಕಾಲು ತಡವರಿಸಿತು. ಹಗ್ಗದವಳು ಹಗ್ಗ ಹಿಡಿದಿದ್ದ ಒಂದು ಕೈ ಬಿಟ್ಟು ಕಲ್ಲಿನ ಕೆಳಗೆ ಕೊಟ್ಟಳು. ಆ ಕಡೆಯಿಂದ ಬಲೆಯವನು ಕೊಟ್ಟ. ಅವನು ಬೇಡವೆನ್ನಲಿಲ್ಲ.

ಕಲ್ಲು ತನ್ನ ಗುಂಡಿಯಲ್ಲಿ ಕೂತಿತು.

ಹೊಳೆ ಒಂದು ಕ್ಷಣ ಉಸಿರು ಹಿಡಿದು, ಬಾಯಿತುಂಬ ಮಾತಾಡಿತು. ಅಪ್ಪನ ಹೆಸರು ಕೇಳಿದ ಯಜಮಾನ ಎಪ್ಪತ್ತರ ವಯಸ್ಸನ್ನು ಮರೆತು, ಗುಂಡಿಯ ಅಂಚಿನ ಸೊಂಟಮಟ್ಟದ ನೀರಿನಲ್ಲಿ ನಿಂತು, ಅಪ್ಪನ ಬದಲಿಗೆ ತಾನೇ "ಓ!" ಎಂದು ಕೂಗಿ ಹಸುಗೂಸಿನ ಹಾಗೆ ಅತ್ತ.

"ಬಂತು!" ಎಂದಳು ಕಿವಿಯಜ್ಜಿ. "ಪೂರ್ತಿ ಬಂತು!"

ಹಗ್ಗದವಳು ನೀರು ಚಿಮ್ಮಿಸುತ್ತ ದಡಕ್ಕೆ ಓಡಿದಳು. ಅಜ್ಜಿ ಅವಳ ಕಿವಿಗೆ ಹೇಳಿದಳು, ಅವಳು ಕೂಸಿನ ಕಿವಿಗೆ ಹೇಳಿದಳು. ಕೂಸು ನಕ್ಕಿತು. ನಕ್ಕ ಬಾಯಿಯಲ್ಲಿ, ಅಕ್ಕಿಯ ತುದಿಯಷ್ಟೇ, ಹಲ್ಲು ಹೊರಗೆ ಬಂದಿತ್ತು. ಹೆಸರು ಹಲ್ಲಿಗಿಂತ ಒಂದು ಗುಟುಕು ಮುಂದೆ ಬಂದಿತ್ತು ಎಂದು ಆ ಊರಿನವರು ಈಗಲೂ ಹೇಳುತ್ತಾರೆ.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಊರಿಗೆ ಊರೇ ಕಲ್ಲುಮನೆಗೆ ನುಗ್ಗಿತು. ಸೆರಗಿನಲ್ಲಿ, ಬುಟ್ಟಿಯಲ್ಲಿ, ಬರಿಗೈಯಲ್ಲಿ, ತಲೆಯ ಮೇಲೆ, ಅಜ್ಜಂದಿರು ಅಜ್ಜಿಯರು ಹೊಳೆಗೆ ಮರಳಿದರು. ಒಬ್ಬೊಬ್ಬರ ಕಲ್ಲು ಕೂತ ಹಾಗೆಲ್ಲ ಹೊಳೆ ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆಯಿತು, ದಡದಲ್ಲಿದ್ದ ಮಕ್ಕಳು ಮೊಮ್ಮಕ್ಕಳು ಅವರ ಪರವಾಗಿ ಓಗೊಟ್ಟರು. ಅರಿಸಿನವೆಲ್ಲ ತೊಳೆದು ಹೊಳೆ ಹಳದಿಯಾಗಿ ಹರಿಯಿತು. ಹೊಳೆಗೆ ಮದುವೆಯ ಅರಿಸಿನೆಣ್ಣೆ ಹಚ್ಚಿದ್ದಾರೆ ಎಂದು ಒಬ್ಬ ಮುದುಕಿ ನಗಾಡಿದಳು. ಕೊನೆಗೆ ಹೆಸರಿಲ್ಲದವರ ಕಲ್ಲುಗಳು ಬಂದವು.

"ಇವರಿಗೆಲ್ಲ ಹಲ್ಲು ಬಂದು, ಕೆಲವರಿಗೆ ಉದುರೂ ಹೋಗಿದೆ" ಎಂದು ಯಾರೋ ಅನುಮಾನಪಟ್ಟರು.

"ಹಲ್ಲು ಬರೋ ಮುಂಚೆನೇ ಹೊಳೆ ಹೆಸರಿಟ್ಟಾಗಿದೆ ಕಣೋ" ಎಂದು ಅಜ್ಜಿ ಗದರಿದಳು. "ಅದೇನು ನಿಮ್ಮ ಹಾಗೆ ಮರೆಗುಳಿಯಾ? ಹೇಳೋಕೆ ಕಲ್ಲಿರ್ಲಿಲ್ಲ ಅಷ್ಟೇ. ಇಟ್ಕೊಂಡಿತ್ತು."

ಅದು ನಿಜವಾಗಿತ್ತು. ಗಾಣದವನ ಕಲ್ಲಿಗೆ ಗಾಣದವನ ಹೆಸರು ಬಂತು, ಮದುಮಗಳ ಕಲ್ಲಿಗೆ ಮದುಮಗಳ ಹೆಸರು. ಅಷ್ಟು ಹೆಸರುಗಳನ್ನು ಒಂದೇ ದಿನ ಹೇಳಿ ಅಜ್ಜಿಯ ಗಂಟಲು ಕಟ್ಟಿತು. ಹಗ್ಗದವಳು ತಮ್ಮನ ಕಲ್ಲನ್ನು ತಾನೇ ತಂದಿಟ್ಟಳು. ಹೆಸರು ಬಂದಾಗ ಅವಳು ಅಲ್ಲೇ ನೀರಿನಲ್ಲಿ ಕೂತು ಆ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು. ತನ್ನ ಅಳುವನ್ನಲ್ಲ, ಅವ್ವ ಅಳದೆ ಬಿಟ್ಟುಹೋದ ಅಳುವನ್ನು ಅತ್ತಳು.

ಈ ಗಡಿಬಿಡಿಯಲ್ಲಿ ಅವಳ ಕಲ್ಲನ್ನು ಯಾರಿಟ್ಟರೋ ಅವಳು ನೋಡಲಿಲ್ಲ. ಹಗ್ಗ ಬಿಚ್ಚಬೇಕಿತ್ತು, ಒದ್ದೆ ಹಗ್ಗವನ್ನು ಸುತ್ತಿಡದಿದ್ದರೆ ಕೊಳೆಯುತ್ತದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಈಚೆ ದಡದ ಗಂಟು ಬಿಚ್ಚುತ್ತ ಬಗ್ಗಿದ್ದಳು. ಆಚೆ ದಡದ ಮತ್ತಿಮರದ ಬುಡದಲ್ಲಿ ಬಲೆಯವನು, ತಾನೇ ಕೈಹಿಡಿದು ದಾಟಿಸಿದ್ದ ಅಜ್ಜಿಯ ಜೊತೆ ನಿಂತಿದ್ದ. ಅಜ್ಜಿ ಅವನ ಕಿವಿಯಲ್ಲಿ ಏನೋ ಹೇಳಿದಳು.

ಬಲೆಯವನು ಎರಡು ಕೈಯನ್ನೂ ಬಾಯಿಯ ಪಕ್ಕಕ್ಕೆ ತಂದ. ಚಪ್ಪಾಳೆ ತಟ್ಟಲಿಲ್ಲ, ಇವಳೇ ಎನ್ನಲಿಲ್ಲ. ಹೊಳೆಯ ಅಷ್ಟು ಮಾತಿನ ಮೇಲೆಯೂ ಕೇಳುವಂತೆ, ಒಂದೇ ಒಂದು ಸಲ ಕರೆದ.

ಆ ಹೆಸರನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ತನ್ನದೇ ಎಂದು ಅವಳಿಗೆ ಗೊತ್ತಾಯಿತು. ಗಂಟು ಕೈಯಿಂದ ಜಾರಿತು. ನೆಟ್ಟಗೆ ಎದ್ದು ನಿಂತು, ಹೊಳೆಯ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಅವಳು ಹೇಳಿದಳು:

"ಓ!"